ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಏಕೆ?

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. 2017ರಲ್ಲಿ ಇದು ಉಡಾನ್ ಯೋಜನೆಗೆ ಸೇರಿತು. ಇಲ್ಲಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ‘ದೂರವನ್ನು ವೇಗದಿಂದ ಭಾಗಿಸಿದರಾಯಿತು’ ಎನ್ನುತ್ತಾನೆ ಶಾಲಾ ಬಾಲಕ. ಲೆಕ್ಕವೇನೋ ಸರಿ. ಆದರೆ ಅದೊಂದನ್ನೇ ನಂಬಿ ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೊರಟರೆ, ಪರೀಕ್ಷೆಯೇ ತಪ್ಪಿಹೋದೀತು!

ಮೊದಲು ದೂರವನ್ನು ಕಂಡುಹಿಡಿಯೋಣ. ರಸ್ತೆಯಲ್ಲಿ ಇದು ಸುಮಾರು 300 ಕಿ.ಮೀ. ವಿಮಾನಕ್ಕೆ ಬೆಟ್ಟ, ಕೆರೆ, ಊರುಗಳನ್ನು ಬಳಸಿ ಹೋಗುವ ಅಗತ್ಯವಿಲ್ಲ. ವಿದ್ಯಾನಗರ ನಿಲ್ದಾಣ ಸುಮಾರು 15.2 ಡಿಗ್ರಿ ಉತ್ತರ ಅಕ್ಷಾಂಶ, 76.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದೇವನಹಳ್ಳಿ ಬಳಿಯ ಬೆಂಗಳೂರು ನಿಲ್ದಾಣ 13.2 ಮತ್ತು 77.7ರಲ್ಲಿದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಆದ್ದರಿಂದ ದಕ್ಷಿಣಕ್ಕೆ 222 ಕಿ.ಮೀ. ರೇಖಾಂಶಗಳು ಧ್ರುವದತ್ತ ಹೋದಂತೆ ಹತ್ತಿರವಾಗುತ್ತವೆ. ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಹಾಗಾಗಿ ಪೂರ್ವಕ್ಕೆ 119 ಕಿ.ಮೀ. ಇವೆರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದು ತಿಳಿದು ಪೈಥಾಗೊರಸ್ ಪ್ರಮೇಯ ಬಳಸಿದರೆ ವಿಕರ್ಣ ಸುಮಾರು 250 ಕಿ.ಮೀ. ಬರುತ್ತದೆ.

ಈ ಮಾರ್ಗದಲ್ಲಿ ಹಾರಾಡಿದ ಎಟಿಆರ್ 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದರೆ ಅರ್ಧ ಗಂಟೆ ಸಾಕು. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು ಕಾಣುತ್ತದೆ! ಉಳಿದರ್ಧ ಗಂಟೆ ಎಲ್ಲಿ ಹೋಯಿತು?

ವೇಳಾಪಟ್ಟಿಯ ಕಾಲವು ವಿಮಾನ ನಿಂತ ಸ್ಥಳ ಬಿಟ್ಟಾಗ ಆರಂಭವಾಗಿ, ಇನ್ನೊಂದು ನಿಲ್ದಾಣದಲ್ಲಿ ಪೂರ್ಣ ನಿಂತಾಗ ಮುಗಿಯುತ್ತದೆ. ನೆಲದ ಮೇಲೆ ನಿಧಾನವಾಗಿ ಉರುಳುವುದು, ಸರದಿಗಾಗಿ ಕಾಯುವುದು ಇದರಲ್ಲಿ ಸೇರಿವೆ. ಮೇಲೇರುವಾಗಲೂ ಇಳಿಯುವಾಗಲೂ ಪೂರ್ಣ ವೇಗವಿರುವುದಿಲ್ಲ. ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಒಮ್ಮೊಮ್ಮೆ ಸುತ್ತಿ ಬರಬೇಕು. ದಾರಿ ಚಿಕ್ಕದಾದಷ್ಟೂ ಈ ವೆಚ್ಚದ ಪಾಲು ದೊಡ್ಡದು.

ದೂರದ ಪಯಣದಲ್ಲಿ ಹೀಗಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂತು. ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಸುಮಾರು 14,000 ಕಿ.ಮೀ., 17 ಗಂಟೆ. ಸರಾಸರಿ ಗಂಟೆಗೆ 820 ಕಿ.ಮೀ.ಗೂ ಹೆಚ್ಚು. ನಮ್ಮ ಸಣ್ಣ ಪಯಣದ ಸರಾಸರಿ ಬರೀ 250!

ಆ ವಿಮಾನ ಅಲ್ಲಿ 9ರ ರಾತ್ರಿ ಎಂಟೂವರೆಗೆ ಹೊರಟು, ಇಲ್ಲಿ 11ರ ನಸುಕಿನ ಮೂರು ಗಂಟೆ ಸುಮಾರಿಗೆ ಇಳಿಯಿತು. ಗಡಿಯಾರ ನೋಡಿದರೆ ಮೂವತ್ತೂವರೆ ಗಂಟೆ. ಮಗಳು ಇನ್ನೂ ಬರಲಿಲ್ಲವೆಂದು ತಾಯಿ ಗಾಬರಿಯಾಗಬೇಕಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹದಿನೇಳೇ.

ಇನ್ನು ನಮ್ಮ ಪರೀಕ್ಷಾರ್ಥಿಯ ವಿಷಯ. ಸಂಡೂರಿನಿಂದ ತೋರಣಗಲ್ಲಿಗೆ ಮುಕ್ಕಾಲು ಗಂಟೆ, ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ, ವಿಮಾನದಲ್ಲಿ ಒಂದು ಗಂಟೆ, ದೇವನಹಳ್ಳಿಯಿಂದ ನಗರದೊಳಕ್ಕೆ ಒಂದು ಗಂಟೆಗೂ ಹೆಚ್ಚು. ಎಲ್ಲ ಕೂಡಿದರೆ ನಾಲ್ಕು ಗಂಟೆ ದಾಟುತ್ತದೆ. ಸೂತ್ರ ಎಂದೂ ಸುಳ್ಳಾಗುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂದು ಅರಿಯುವುದು ನಮ್ಮ ಕೆಲಸ.

ಮನೆಯಲ್ಲಿ ಮಾಡಿ ನೋಡಿ: ಶಾಲೆಯ ಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ಆ ದಾರ ಧ್ರುವದ ಹತ್ತಿರವೇ ಏಕೆ ಹೋಗುತ್ತದೆ? ಅಪ್ಪ ಅಮ್ಮನೊಡನೆ ಕುಳಿತು ಯೋಚಿಸಿ.