ಮುಹೂರ್ತ ಕೇಳುವ ಮುನ್ನ ವಾರ ಕೇಳಿ

2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆಗೆ ಇಟ್ಟಿದ್ದ ಮುಹೂರ್ತ 84 ಸೆಕೆಂಡಿನದು. ಮಗು ಅದೇ ದಿನ ಹುಟ್ಟಲಿ ಎಂದು ಕಾನ್ಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹತ್ತಕ್ಕೂ ಹೆಚ್ಚು ಗರ್ಭಿಣಿಯರ ಕಡೆಯವರು ಸಿಸೇರಿಯನ್ ಮಾಡಿಕೊಡಿ ಎಂದು ಕೇಳಿಕೊಂಡದ್ದು ಆಗ ದೊಡ್ಡ ಸುದ್ದಿಯಾಯಿತು. ಅದನ್ನು ಭಕ್ತಿ ಎಂದವರಿದ್ದರು, ಮೌಢ್ಯ ಎಂದವರೂ ಇದ್ದರು. ಆ ಗರ್ಭಗಳಿಗೆ ಅಂದು ಎಷ್ಟು ವಾರ ತುಂಬಿತ್ತು ಎಂದು ಕೇಳಿದವರು ಕಡಿಮೆ. ನಮ್ಮಲ್ಲಿ ಇಂಥದ್ದಕ್ಕೆ ಅಯೋಧ್ಯೆಯೇ ಬೇಕೆಂದಿಲ್ಲ. ಸಿಸೇರಿಯನ್ ಹೇಗೂ ಆಗಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಮನೆಯವರು ಜೋಯಿಸರಲ್ಲಿಗೆ ಹೋಗುತ್ತಾರೆ. ಅಮಾವಾಸ್ಯೆ, ರಾಹುಕಾಲ, ಅತ್ತೆಗೆ ಆಗದ ಆಶ್ಲೇಷಾ, ಮಾವನಿಗೆ ಆಗದ ಮೂಲಾ ಎಲ್ಲ ಕಳೆದು ಉಳಿದ ದಿನ, ಲಗ್ನ ಚೀಟಿಯಲ್ಲಿ ಬರುತ್ತದೆ. ಆ ಚೀಟಿ ಕೇಸ್‌ಶೀಟಿನೊಳಗೆ ಸೇರಿತೆಂದರೆ ಹುಟ್ಟುವ ದಿನ ಗೊತ್ತಾದಂತೆ. ಜ್ಯೋತಿಷ್ಯ ನಿಜವೋ ಸುಳ್ಳೋ ಎಂಬ ಜಗಳವನ್ನು ಇಲ್ಲಿ ಎತ್ತುವುದಿಲ್ಲ. ನನ್ನ ವಾದ ಇಷ್ಟೆ: ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರ ತುಂಬುವ ಮೊದಲು, ಯಾರು ಕೇಳಿದರೂ, ಹೆರಿಗೆ ಮಾಡಿಸಕೂಡದು, ಇದನ್ನು ಒಬ್ಬೊಬ್ಬ ವೈದ್ಯರ ದಾಕ್ಷಿಣ್ಯಕ್ಕೆ ಬಿಡದೆ ಆಸ್ಪತ್ರೆಯ ನಿಯಮ ಮಾಡಬೇಕು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್, ಹಿಂದಿನ ಸುತ್ತಿನಲ್ಲಿ ಅದು ಶೇ 23.6 ಇತ್ತು. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ನಮ್ಮ ಸಾರ್ವಜನಿಕ ಚರ್ಚೆ ಈ ಅಂಕಿಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಖಾಸಗಿಯವರು ದುಡ್ಡಿಗಾಗಿ ಕೊಯ್ಯುತ್ತಾರೆ ಎಂಬುದು ಒಂದು ಕಡೆಯ ಮಾತು, ಈಗಿನ ಹೆಣ್ಣುಮಕ್ಕಳಿಗೆ ನೋವು ತಿನ್ನುವ ತಾಳ್ಮೆಯಿಲ್ಲ ಎಂಬುದು ಇನ್ನೊಂದು ಕಡೆಯದು. (ಎರಡನೆಯದನ್ನು ಜೋರಾಗಿ ಹೇಳುವವರು ಸಾಮಾನ್ಯವಾಗಿ ಹೆರಬೇಕಾಗಿಲ್ಲದ ಗಂಡಸರು.) ಒಟ್ಟು ಪ್ರಮಾಣ ನೋಡಿ ಒಬ್ಬ ಹೆಂಗಸಿಗೆ ಆದ ಸಿಸೇರಿಯನ್ ಸರಿಯೋ ತಪ್ಪೋ ಹೇಳಲಾಗದು. ಹಿಂದೆ ಎರಡು ಸಲ ಸಿಸೇರಿಯನ್ ಆದವರಿಗೆ ಮೂರನೆಯದೂ ಆಗುವುದೇ ಹೆಚ್ಚು, ಅದಕ್ಕೆ ವೈದ್ಯರನ್ನು ಬೈದು ಫಲವಿಲ್ಲ. ಆದರೆ ಅದು 37ನೇ ವಾರದಲ್ಲಿ ಆಯಿತೋ 39ರಲ್ಲಿ ಆಯಿತೋ ಎಂಬುದನ್ನು ಅಳೆಯಬಹುದು, ಬದಲಾಯಿಸಲೂಬಹುದು.

37 ದಾಟಿದರೆ ಮಗು ಬಲಿತಂತೆ ಎಂಬುದು ಹಳೆಯ ಲೆಕ್ಕ. 37ರಿಂದ 42ರವರೆಗಿನ ಐದು ವಾರವನ್ನೂ ಒಂದೇ ಗುಂಪಿಗೆ ಸೇರಿಸಿ ತುಂಬಿದ ಗರ್ಭ ಎನ್ನುತ್ತಿದ್ದರು. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2013ರಲ್ಲಿ ಆ ಗುಂಪನ್ನು ಒಡೆದು, 39 ವಾರ ತುಂಬಿದ್ದಕ್ಕೆ ಮಾತ್ರ ‘ಪೂರ್ಣಾವಧಿ’ ಎಂಬ ಹೆಸರು ಉಳಿಸಿತು. ಅದರ ಹಿಂದೆ ಗಟ್ಟಿ ಅಧ್ಯಯನಗಳಿವೆ. 2009ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಒಂದು ಅಧ್ಯಯನ, ತುರ್ತು ಕಾರಣವಿಲ್ಲದೆ, ನೋವು ಶುರುವಾಗುವ ಮುನ್ನವೇ ಮತ್ತೊಮ್ಮೆ ಸಿಸೇರಿಯನ್ ಮಾಡಿಸಿಕೊಂಡ 13,258 ತಾಯಂದಿರ ಮಕ್ಕಳನ್ನು ಗಮನಿಸಿತು. ಉಸಿರಾಟದ ತೊಂದರೆ, ರಕ್ತದ ಸಕ್ಕರೆ ಇಳಿಯುವುದು, ಸೋಂಕು, ನವಜಾತ ಶಿಶುಗಳ ತೀವ್ರ ನಿಗಾ ಘಟಕ (ಎನ್‌ಐಸಿಯು) ಸೇರುವುದು ಮುಂತಾದವುಗಳಲ್ಲಿ ಒಂದಾದರೂ ಕಂಡದ್ದು 37ನೇ ವಾರದ ಮಕ್ಕಳಲ್ಲಿ ಶೇ 15.3, 38ರವರಲ್ಲಿ ಶೇ 11, 39ರವರಲ್ಲಿ ಶೇ 8. ಕಾರಣ ಮಗುವಿನ ಎದೆಯಲ್ಲೇ ಇದೆ. ಗರ್ಭದಲ್ಲಿರುವಾಗ ಶ್ವಾಸಕೋಶದ ತುಂಬ ದ್ರವ. ಕೊನೆಯ ವಾರಗಳಲ್ಲಿ, ಅದರಲ್ಲೂ ಹೆರಿಗೆ ನೋವಿನ ಹೊತ್ತಿಗೆ ಏರುವ ಹಾರ್ಮೋನುಗಳ ಬಲದಿಂದ, ಶ್ವಾಸಕೋಶ ಆ ದ್ರವವನ್ನು ಹೀರಿ ಗಾಳಿಗೆ ಜಾಗ ಮಾಡಿಕೊಳ್ಳುತ್ತದೆ. ನೋವೂ ಬಾರದೆ, ವಾರವೂ ತುಂಬದೆ ಹೊರಬಂದ ಮಗುವಿಗೆ ಇದಕ್ಕೆ ಸಮಯ ಸಿಕ್ಕಿರುವುದಿಲ್ಲ. ಅಂಥ ಮಗು ಮೂಗಿನ ಹೊಳ್ಳೆ ಅರಳಿಸುತ್ತ, ಉಸಿರು ಉಸಿರಿಗೂ ನರಳುತ್ತ, ಪಕ್ಕೆಲುಬಿನ ಸಂದು ಒಳಕ್ಕೆಳೆದುಕೊಳ್ಳುತ್ತ ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಉಸಿರಾಡುತ್ತದೆ. ಹೆಚ್ಚಿನವು ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳುತ್ತವೆ, ನಿಜ. ಅಷ್ಟು ದಿನ ಬಾಣಂತಿ ಒಂದು ಕಡೆ, ಮಗು ಇನ್ನೊಂದು ಕಡೆ. ಎದೆಹಾಲು ತಡವಾಗುತ್ತದೆ, ಬಿಲ್ಲು ಏರುತ್ತದೆ. ಇಷ್ಟೆಲ್ಲ ಯಾವ ರೋಗಕ್ಕೂ ಅಲ್ಲ, ಒಂದು ತಾರೀಖಿಗಾಗಿ.

‘ಒಂಬತ್ತು ತಿಂಗಳಿಗೆ ಬಿತ್ತಲ್ಲ, ಇನ್ನೇನು’ ಎಂಬ ಮಾತನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 37 ವಾರ ಎಂದರೆ 259 ದಿನ, ಅಂದರೆ ಎಂಟೂವರೆ ತಿಂಗಳು. 40 ವಾರ ಎಂದರೆ 280 ದಿನ, ಒಂಬತ್ತು ತಿಂಗಳ ಮೇಲೆ ಒಂದು ವಾರ. ಅಜ್ಜಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ ಇದಕ್ಕೆ ಬಹಳ ಹತ್ತಿರ. ಇನ್ನು ಆ ವಾರವನ್ನು ಯಾವ ಸ್ಕ್ಯಾನಿನಿಂದ ಎಣಿಸಿದರು ಎಂಬುದು ಬೇರೆಯೇ ಪ್ರಶ್ನೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನ್ ಹೇಳುವ ದಿನಾಂಕ ಐದರಿಂದ ಏಳು ದಿನ ಆಚೀಚೆ ಆಗಬಹುದು. ಏಳು ತಿಂಗಳಾದ ಮೇಲಿನ ಸ್ಕ್ಯಾನ್ ಮೂರು ವಾರದಷ್ಟು ತಪ್ಪಬಹುದು. ನಮ್ಮಲ್ಲಿ ಹೆರಿಗೆಗೆ ತವರಿಗೆ ಬರುವುದು ರೂಢಿ. ಊರು ಬದಲಾಗುತ್ತದೆ, ಆಸ್ಪತ್ರೆ ಬದಲಾಗುತ್ತದೆ, ಮೊದಲ ಸ್ಕ್ಯಾನಿನ ರಿಪೋರ್ಟು ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಎಂಟನೇ ತಿಂಗಳ ಹೊಸ ಸ್ಕ್ಯಾನಿನ ಲೆಕ್ಕದ ಮೇಲೆ ಮುಹೂರ್ತ ಇಟ್ಟರೆ ಕಾಗದದ 37 ನಿಜದಲ್ಲಿ 35 ಆಗಿರಲೂಬಹುದು.

ವೈದ್ಯರ ಕಡೆಯಿಂದ ಬರುವ ಆಕ್ಷೇಪಗಳು ಹಗುರವಲ್ಲ. ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರಾಯಿತು ಎನ್ನುತ್ತಾರೆ. ಅದು ಉಸಿರಾಟದ ತೊಂದರೆ ತಗ್ಗಿಸುತ್ತದೆ, ಸರಿ. ಆದರೆ 34ರಿಂದ 36ನೇ ವಾರದವರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಜೆಕ್ಷನ್ ಪಡೆದವರ ಮಕ್ಕಳಲ್ಲಿ ಶೇ 24ಕ್ಕೆ ಸಕ್ಕರೆ ಇಳಿದಿತ್ತು, ಪಡೆಯದವರಲ್ಲಿ ಶೇ 15ಕ್ಕೆ. ಬೇರೆ ದಾರಿಯಿಲ್ಲದಾಗ ಕೊಡುವ ಔಷಧವನ್ನು ಮುಹೂರ್ತದ ಅನುಕೂಲಕ್ಕೆ ಕೊಡುವುದು ಯಾವ ನ್ಯಾಯ? ಡೆನ್ಮಾರ್ಕಿನ 1,274 ತಾಯಂದಿರ ಪ್ರಯೋಗವನ್ನೂ ಮುಂದಿಡುತ್ತಾರೆ: 38 ವಾರ 3 ದಿನಕ್ಕೂ 39 ವಾರ 3 ದಿನಕ್ಕೂ ಎನ್‌ಐಸಿಯು ಸೇರಿದವರ ಪ್ರಮಾಣದಲ್ಲಿ ಖಚಿತ ಎನ್ನುವಷ್ಟು ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಲ್ಲಿ ಹೋಲಿಸಿದ್ದು 38ರ ನಡುವನ್ನು, 37ನ್ನಲ್ಲ. ದಿನಾಂಕದಲ್ಲೂ ನಮ್ಮಷ್ಟು ಗೊಂದಲವಿರಲಿಲ್ಲ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆ, ಕಾಯುತ್ತ ಕೂತಾಗ ಮಗು ಹೊಟ್ಟೆಯಲ್ಲೇ ಹೋಗಿಬಿಟ್ಟರೆ ಎಂಬುದು. ವಾರ ಕಳೆದಂತೆ ಆ ಅಪಾಯ ಏರುವುದು ನಿಜ. 37-38ರಲ್ಲಿ ಬಹಳ ಕಡಿಮೆ ಇದ್ದದ್ದು 41 ದಾಟಿದ ಮೇಲೆ ಕಡಿದಾಗಿ ಏರುತ್ತದೆ. ಅಮೆರಿಕದಲ್ಲಿ 39 ವಾರದ ನಿಯಮ ಬಂದ ಮೇಲೆ ಇಂಥ ಸಾವು ಹೆಚ್ಚಾಯಿತೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಒಂದು ತುಸು ಏರಿಕೆ ಕಂಡರೆ ಇನ್ನೊಂದು ಕಾಣಲಿಲ್ಲ. ಹಾಗೆಂದೇ ನಿಯಮಕ್ಕೆ ‘ವೈದ್ಯಕೀಯ ಕಾರಣ ಇಲ್ಲದಿದ್ದರೆ’ ಎಂಬ ಷರತ್ತು ಇರುವುದು. ಬಿ.ಪಿ. ಏರಿ ಪ್ರಿ-ಎಕ್ಲಾಂಪ್ಸಿಯಾ ಆದವರು, ಹತೋಟಿಗೆ ಬಾರದ ಸಕ್ಕರೆಯವರು, ಮಗುವಿನ ಬೆಳವಣಿಗೆ ಕುಂಠಿತವಾದವರು, ಕಸ ಗರ್ಭದ ಬಾಯಿಗೆ ಅಡ್ಡ ಬಂದವರು, ಅವಳಿ ಹೊತ್ತವರು 39ರವರೆಗೆ ಕಾಯಬಾರದು. ಅವರಿಗೆ ಬೇಗ ಹೆರಿಗೆ ಮಾಡಿಸುವುದೇ ಒಳ್ಳೆಯ ವೈದ್ಯಕೀಯ. ಭಾರತೀಯ ಮೂಲದ ತಾಯಂದಿರಲ್ಲಿ ಅಪಾಯ ಬೇಗ ಏರುತ್ತದೆ ಎಂಬ ಮಾತೂ ಇದೆ. ಮೆಲ್ಬರ್ನ್‌ನ ಸಂಶೋಧಕರು ಅದನ್ನು ತೋರಿಸಿದ್ದಾರೆ, ಅಲ್ಲಿನ ಆಸ್ಪತ್ರೆಗಳು ದಕ್ಷಿಣ ಏಷ್ಯಾದಲ್ಲಿ ಹುಟ್ಟಿದ ಗರ್ಭಿಣಿಯರ ಮೇಲೆ ನಿಗಾ ಹೆಚ್ಚಿಸಿದವು. ಯಾವ ವಾರದಿಂದ? 39ರಿಂದ. ನಮ್ಮ ಮೈಯ ಸ್ವಭಾವ ಬೇರೆ ಎಂದು ವಾದಿಸುವವರ ಕೈಗೂ 37 ಸಿಗುವುದಿಲ್ಲ.

ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನ ಕಷ್ಟ ನನಗೆ ಹೆಚ್ಚು ನಿಜವಾಗಿ ಕಾಣುತ್ತದೆ. ಪ್ರಸೂತಿ ತಜ್ಞರು ಒಬ್ಬರೇ, ಅರಿವಳಿಕೆ ವೈದ್ಯರು ನಾಲ್ಕು ಕಡೆ ಓಡಾಡುವವರು, ಹಳೆಯ ಹೊಲಿಗೆಯ ಗರ್ಭಿಣಿಗೆ ರಾತ್ರಿ ಎರಡಕ್ಕೆ ನೋವು ಬಂದರೆ ರಕ್ತ ತರಬೇಕಾದದ್ದು ಜಿಲ್ಲಾ ಕೇಂದ್ರದಿಂದ. ಹಗಲಿನಲ್ಲೇ ಮುಗಿಸೋಣ ಎಂದು ಅವರಿಗೆ ಅನಿಸುವುದು ಸಹಜ. ಆದರೆ ಆ ಕೊರತೆಯ ಸಾಲವನ್ನು ಮಗುವಿನ ಶ್ವಾಸಕೋಶದಿಂದ ವಸೂಲು ಮಾಡುವುದು ಸರಿಯಲ್ಲ. ಅಪಾಯ ಹೆಚ್ಚಿರುವವರನ್ನು ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಟು ಸರ್ಕಾರದ ಹೊಣೆ.

ದಿನ ಆರಿಸಿಕೊಳ್ಳುವುದು ತಾಯಿಯ ಹಕ್ಕಲ್ಲವೇ? ಆ ದಿನವನ್ನು ನಿಜವಾಗಿ ಯಾರು ಆರಿಸಿದರು ಎಂದು ಮೊದಲು ಕೇಳಬೇಕು. ಎಷ್ಟೋ ಮನೆಗಳಲ್ಲಿ ಚೀಟಿ ತಂದವರು ಮಾವ, ಒಪ್ಪಿದವರು ಗಂಡ. ಅವಳಿಗೆ ತಿಳಿಯುವುದು ಅಡ್ಮಿಟ್ ಆಗಬೇಕಾದ ಹೊತ್ತು ಮಾತ್ರ. 39 ದಾಟಿದ ಮೇಲೆ ಆಯ್ಕೆ ಅವಳದೇ ಇರಲಿ, ನನ್ನದೇನೂ ತಕರಾರಿಲ್ಲ. ಚೊಚ್ಚಲ ಬಸುರಿಯರಲ್ಲಿ 39ರಲ್ಲಿ ನೋವು ಬರಿಸಿದ ಅಮೆರಿಕದ 2018ರ ಪ್ರಯೋಗದಲ್ಲಿ ಸಿಸೇರಿಯನ್ ಶೇ 22.2ರಿಂದ ಶೇ 18.6ಕ್ಕೆ ಇಳಿಯಿತು. ಮುಹೂರ್ತ ಬೇಕೇ ಬೇಕು ಎನ್ನುವವರಿಗೂ ನಷ್ಟವಿಲ್ಲ: ಹನ್ನೆರಡೂ ಲಗ್ನಗಳು ದಿನಕ್ಕೊಮ್ಮೆ ಸುತ್ತಿ ಬರುತ್ತವೆ, ನಕ್ಷತ್ರ ಹೆಚ್ಚುಕಡಿಮೆ ದಿನಕ್ಕೊಂದು ಬದಲಾಗುತ್ತದೆ. 39 ತುಂಬಿದ ವಾರದಲ್ಲಿ ಒಂದೂ ಒಳ್ಳೆಯ ಗಳಿಗೆ ಸಿಗದಿದ್ದರೆ ಜೋಯಿಸರನ್ನೇ ಬದಲಾಯಿಸಬಹುದು. ಸೀಮಂತಕ್ಕೂ ನಾಮಕರಣಕ್ಕೂ ಮುಹೂರ್ತ ನೋಡಿದ ಹಿರಿಯರು ಹುಟ್ಟಿನ ಗಳಿಗೆಯನ್ನು ಬರೆದುಕೊಳ್ಳುತ್ತಿದ್ದರು, ಗೊತ್ತುಮಾಡುತ್ತಿರಲಿಲ್ಲ.

ತಾರೀಖಿನ ಗೀಳು ಪಂಚಾಂಗದವರಿಗೆ ಮಾತ್ರ ಸೇರಿದ್ದೂ ಅಲ್ಲ. 2025ರ ಜನವರಿಯಲ್ಲಿ ಟ್ರಂಪ್ ಜನ್ಮಸಿದ್ಧ ಪೌರತ್ವ ಮೊಟಕುಗೊಳಿಸುವ ಆದೇಶ ಹೊರಡಿಸಿದಾಗ, ಅದು ಜಾರಿಗೆ ಬರಬೇಕಿದ್ದ ಫೆಬ್ರುವರಿ 20ಕ್ಕೆ ಮೊದಲೇ ಸಿಸೇರಿಯನ್ ಮಾಡಿ ಎಂದು ಅಮೆರಿಕದಲ್ಲಿದ್ದ ಭಾರತೀಯ ದಂಪತಿಗಳು, ಎಂಟನೇ ತಿಂಗಳಿನವರೂ ಸೇರಿ, ವೈದ್ಯರನ್ನು ಕೇಳಿದ್ದು ವರದಿಯಾಯಿತು. ಜನವರಿ 23ರಂದೇ ನ್ಯಾಯಾಲಯ ಆದೇಶಕ್ಕೆ ತಡೆ ಕೊಟ್ಟಿತ್ತು.

ಬುದ್ಧಿಮಾತಿನಿಂದ ಇದು ನಿಲ್ಲುವುದಿಲ್ಲ, ನಿಯಮದಿಂದ ನಿಲ್ಲುತ್ತದೆ. ಅಮೆರಿಕದಲ್ಲಿ 39ಕ್ಕೆ ಮುಂಚೆ ದಿನ ಗೊತ್ತುಮಾಡಲು ಬಂದ ವೈದ್ಯರಿಂದ ಕಾರಣ ಬರೆಸಿಕೊಳ್ಳುವುದು, ಕಾರಣ ಇಲ್ಲದಿದ್ದರೆ ಆಪರೇಷನ್ ಥಿಯೇಟರ್ ಕೊಡದಿರುವುದು ಎಂಬ ಪದ್ಧತಿ ಬಂತು. ಆಸ್ಪತ್ರೆಗಳ ಅಂಕಿ ಪ್ರಕಟಿಸುವ ಲೀಪ್‌ಫ್ರಾಗ್ ಸಂಸ್ಥೆಯ ಲೆಕ್ಕದಲ್ಲಿ ಇಂಥ ಅಕಾರಣ ಹೆರಿಗೆಗಳು 2010ರಲ್ಲಿ ಶೇ 17 ಇದ್ದದ್ದು ಕೆಲವೇ ವರ್ಷಗಳಲ್ಲಿ ಶೇ 5ಕ್ಕಿಂತ ಕೆಳಗಿಳಿದವು. ನಮ್ಮಲ್ಲಿ ಇದಕ್ಕೆ ಹೊಸ ಕಾಗದವೂ ಬೇಡ. ಜನನ ನೋಂದಣಿಯ ನಮೂನೆಯಲ್ಲಿ ಹೆರಿಗೆಯ ವಿಧಾನಕ್ಕೆ ಒಂದು ಕಲಂ, ಗರ್ಭ ಎಷ್ಟು ವಾರದ್ದು ಎಂಬುದಕ್ಕೆ ಇನ್ನೊಂದು ಕಲಂ ಈಗಾಗಲೇ ಇವೆ. ಆರೋಗ್ಯ ಇಲಾಖೆ ಆ ಎರಡನ್ನೂ ಕೂಡಿಸಿ, 37 ಮತ್ತು 38ನೇ ವಾರದ ಸಿಸೇರಿಯನ್‌ಗಳನ್ನು ಆಸ್ಪತ್ರೆವಾರು, ಕಾರಣ ಸಹಿತ, ಪ್ರತಿ ವರ್ಷ ಪ್ರಕಟಿಸಲಿ. ಮೊದಲ ಸ್ಕ್ಯಾನಿನ ದಿನಾಂಕವನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಿಸಲಿ. ಸಿಸೇರಿಯನ್ನಿಗೆ ದಿನ ಕೊಟ್ಟ ಡಾಕ್ಟರನ್ನು ಗರ್ಭಿಣಿಯರೂ ಕೇಳಲಿ: ಮೊದಲ ಸ್ಕ್ಯಾನಿನ ಪ್ರಕಾರ ಆ ದಿನಕ್ಕೆ ನನಗೆ ಎಷ್ಟು ವಾರ, 39ಕ್ಕಿಂತ ಕಡಿಮೆಯಿದ್ದರೆ ಕಾರಣವೇನು?