ನೀರಿನೊಡನೆ ಕೂಡದ ನೀರು

ಎಣ್ಣೆಯೂ ನೀರೂ ಕೂಡವೆಂಬುದು ಒಗ್ಗರಣೆ ಹಾಕುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲ ಸಂಗತಿ. ಸಾರಿನ ಮೇಲೆ ತೇಲುವ ತುಪ್ಪದ ಹನಿಗಳನ್ನು ಕಾಣದವರಾರು? ಆದರೆ ನೀರೇ ನೀರಿನೊಡನೆ ಕೂಡದೆ ಮುನಿಸಿಕೊಂಡು ಬೇರೆ ನಿಲ್ಲುವುದುಂಟೆಂದರೆ ವಾಚಕರು ನಮ್ಮನ್ನು ನೋಡಿ ನಕ್ಕಾರು. ಆದರೂ ಅದು ನಿಜ. ಈ ತಿಂಗಳು ಆ ವಿಚಾರವನ್ನೇ ಅರಿಕೆ ಮಾಡುತ್ತೇವೆ.

1896ರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿದ್ದ ಬೈಯರಿಂಕ್ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞರು ಜೆಲಟಿನ್ ಕರಗಿಸಿದ ನೀರಿಗೆ ಅಗರ್ ಕರಗಿಸಿದ ನೀರನ್ನು ಬೆರೆಸಿ ನೋಡಿದರು. ಅಗರ್ ಎಂದರೆ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಮಾರುವ ಕಡಲ ಪಾಚಿಯ ಸತ್ವ. ಎರಡೂ ನೀರಿನ ದ್ರಾವಣಗಳೇ ಆದರೂ ಅವು ಕೂಡಲಿಲ್ಲ. ಒಂದರೊಳಗೆ ಇನ್ನೊಂದು ಹನಿಹನಿಯಾಗಿ ನಿಂತಿತು.

ಇದಕ್ಕೆ ಕಾರಣವೇನು? ಉಪ್ಪು ಸಕ್ಕರೆಗಳ ಕಣಗಳು ಅತಿ ಚಿಕ್ಕವು, ಸಂಖ್ಯೆಯಲ್ಲಿ ಅಪಾರ. ಉಷ್ಣದಿಂದುಂಟಾಗುವ ಅಲೆದಾಟದಲ್ಲಿ ಅವು ಎಲ್ಲೆಡೆಯೂ ಬೆರೆತುಹೋಗುತ್ತವೆ. ಜೆಲಟಿನ್, ಅಗರ್ ಮೊದಲಾದವುಗಳ ಅಣುಗಳಾದರೋ ನೂರಾರು ಕೊಂಡಿಗಳ ಉದ್ದನೆಯ ಸರಪಣಿಗಳು. ಕೊಂಡಿಗಳು ಒಂದಕ್ಕೊಂದು ಕಟ್ಟುಬಿದ್ದಿರುವುದರಿಂದ ಸ್ವೇಚ್ಛೆಯಾಗಿ ಅಲೆಯಲಾರವು. ಒಂದು ಕೊಂಡಿಗೆ ಅನ್ಯ ಜಾತಿಯ ಕೊಂಡಿಯ ಮೇಲಿರುವ ವೈಮನಸ್ಯ ಅತ್ಯಲ್ಪವಾದರೂ ಸರಪಣಿಯುದ್ದಕ್ಕೂ ಕೂಡಿಸಿದಾಗ ಅದೇ ಬಲವಾಗುತ್ತದೆ. ದ್ರಾವಣ ತೆಳುವಾಗಿರುವವರೆಗೆ ಇಬ್ಬರೂ ಹೊಂದಿಕೊಂಡಿರುತ್ತಾರೆ. ಒಂದು ಮಿತಿಗಿಂತ ಗಟ್ಟಿಯಾದೊಡನೆ ಮನೆ ಪಾಲಾಗುತ್ತದೆ.

ಈ ಪಾಲಿನ ಗಡಿಯೇ ವಿಚಿತ್ರವಾದುದು. ದ್ರವದ ಹನಿಯನ್ನು ಗುಂಡಗೆ ಬಿಗಿದು ಹಿಡಿಯುವುದು ಅದರ ಮೇಲ್ಮೈಯ ಎಳೆತ. ಗಾಳಿಗೆ ತಾಗಿದ ನೀರಿನಲ್ಲಿ ಇದು ಸೆಂಟಿಮೀಟರಿಗೆ ಸುಮಾರು 72 ಡೈನ್. ನೀರು ನೀರುಗಳ ನಡುವಣ ಗಡಿಯಲ್ಲಿಯೋ, ಅನೇಕ ವೇಳೆ ಒಂದು ಡೈನಿನ ನೂರರಲ್ಲೊಂದು ಪಾಲು, ಕೆಲವೊಮ್ಮೆ ಸಾವಿರದಲ್ಲೊಂದು ಪಾಲು ಮಾತ್ರ. ಆದುದರಿಂದ ಸ್ವಲ್ಪ ಕದಡಿದರೂ ಹನಿಯು ನೂಲಿನಂತೆ ನೀಳವಾಗುತ್ತದೆ. ಮತ್ತೆ ಗುಂಡಗಾಗಲು ಅವಸರಪಡುವುದಿಲ್ಲ. ಸುಮ್ಮನೆ ಬಿಟ್ಟರೆ ಹನಿಗಳು ಒಂದರೊಡನೊಂದು ಸೇರಿ ಕಡೆಗೆ ಎರಡು ಪದರಗಳಾಗುತ್ತವೆ. ಇದನ್ನು ತಡೆಯಲು ಸಾಬೂನು ಸಾಲದು. ಸಾಬೂನಿನ ಅಣುವಿಗೆ ಒಂದು ಕೈ ನೀರಿಗೆ, ಇನ್ನೊಂದು ಕೈ ಎಣ್ಣೆಗೆ. ಇಲ್ಲಿ ಎರಡು ಕಡೆಯೂ ನೀರೇ ಆಗಿರುವಾಗ ಅದು ಯಾರ ಕೈ ಹಿಡಿಯಬೇಕು? ಅಣುವಿಗಿಂತ ಬಹು ದೊಡ್ಡದಾದ ಸೂಕ್ಷ್ಮ ಕಣಗಳು ಮಾತ್ರ ಗಡಿಯಲ್ಲಿ ಕುಳಿತು ಕಾವಲು ಕಾಯಬಲ್ಲವು.

ಇದರಿಂದ ಮನೆವಾರ್ತೆಗೇನೆಂದು ಕೇಳಬಹುದು. ಗೋರಿಕಾಯಿಯ ಬೀಜದಿಂದ ತೆಗೆದ ಗೋಂದನ್ನು ಐಸ್‌ಕ್ರೀಮಿಗೆ ಹಾಕುವ ವಾಡಿಕೆಯುಂಟು. ಆ ಗೋಂದಿಗೂ ಹಾಲಿನ ಪ್ರೋಟೀನಿಗೂ ಇದೇ ಜಗಳ. ಆದುದರಿಂದಲೇ ನೀರು ಬೇರ್ಪಡದಂತೆ ಕೆಂಪು ಕಡಲ ಪಾಚಿಯ ಕ್ಯಾರಜೀನನ್ನು ಚಿಟಿಕೆಯಷ್ಟು ಸೇರಿಸುತ್ತಾರೆ.

ಇನ್ನೂ ಹಿರಿದಾದ ಪ್ರಯೋಜನವೊಂದುಂಟು. ಜೀವಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸಲು ಎಣ್ಣೆಯನ್ನೋ ತೀಕ್ಷ್ಣ ದ್ರವಗಳನ್ನೋ ಬಳಸಿದರೆ ಅವು ನಾಶವಾಗುತ್ತವೆ. 1950ರ ದಶಕದಲ್ಲಿ ಸ್ವೀಡನ್ನಿನ ಆಲ್ಬರ್ಟ್ಸನ್ ಎಂಬುವರು ಡೆಕ್ಸ್‌ಟ್ರಾನ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಎರಡು ವಸ್ತುಗಳನ್ನು ನೀರಿನಲ್ಲಿ ಕರಗಿಸಿ, ಆ ಎರಡು ನೀರುಗಳ ನಡುವೆ ಕೋಶದ ಭಾಗಗಳು ತಮಗೆ ಹಿತವಾದ ಕಡೆ ಸೇರುವಂತೆ ಮಾಡಿದರು. ಎರಡು ಪದರಗಳಲ್ಲೂ ಬಹುಪಾಲು ನೀರೇ. ಗಡಿಯ ಎಳೆತವೂ ಮೃದು. ಆದುದರಿಂದ ಸೂಕ್ಷ್ಮವಾದ ಜೀವವಸ್ತುವಿಗೂ ನೋವಿಲ್ಲ.

ನಮ್ಮ ಶರೀರವೂ ಈ ಉಪಾಯವನ್ನು ಅರಿತಿರುವಂತಿದೆ. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಸಂಶೋಧಕರು ಒಂದು ಪುಟ್ಟ ಹುಳುವಿನ ಭ್ರೂಣದ ಕೋಶದೊಳಗಿನ ಕೆಲವು ಕಣಗಳು ದ್ರವದ ಹನಿಗಳಂತೆಯೇ ಕೂಡುವುದನ್ನೂ ಕರಗುವುದನ್ನೂ ತೋರಿಸಿದರು. ಅಂದಿನಿಂದ ಮನುಷ್ಯರ ಕೋಶಗಳಲ್ಲಿಯೂ ಇಂತಹ ಹನಿಗಳು ಹಲವು ಕಂಡುಬಂದಿವೆ. ಅವುಗಳಲ್ಲಿ ಕೆಲವು ಗಟ್ಟಿಯಾಗಿಬಿಟ್ಟರೆ ನರರೋಗಗಳಿಗೆ ದಾರಿಯಾಗಬಹುದೆಂಬ ಶೋಧನೆ ನಡೆದಿದೆ. ಗೋಡೆಯಿಲ್ಲದೆ ಕೋಣೆಗಳಾಗುವ ಈ ಮನೆಯಲ್ಲಿ ನೀರು ನೀರಾಗಿಯೇ ಇರುವುದು ನಮ್ಮ ಕ್ಷೇಮಕ್ಕೆ ಅವಶ್ಯವೆಂದು ತೋರುತ್ತದೆ.