ಬೋಲ್ಟಿನ ಹಳದಿ ಯಾರ ಲೆಕ್ಕಕ್ಕೆ?

ವಾಹನದ ಬೋಲ್ಟು ತುಕ್ಕು ಹಿಡಿಯದಿರಲೆಂದು ಅದಕ್ಕೆ ಸತುವಿನ ಲೇಪ ಕೊಡುತ್ತಾರೆ. ಆಮೇಲೆ ಕ್ರೋಮಿಯಂ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದರೆ ಹೊನ್ನಿನಂಥ ಹಳದಿ ಬರುತ್ತದೆ. ಬೆಂಗಳೂರಿನ ಪೀಣ್ಯದ ಪ್ಲೇಟಿಂಗ್ ಶೆಡ್ಡುಗಳಿಗೆ ಇದು ದಶಕಗಳ ಕಸುಬು. ಆ ಬೋಲ್ಟು ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಈಗ ಮಾಲು ಕೊಳ್ಳುವ ದೊಡ್ಡ ಕಂಪನಿಗಳೂ ಕೇಳತೊಡಗಿವೆ. ಪೂರೈಕೆ ಸರಪಳಿ ಹಸಿರಾಗಬೇಕೆಂಬ ವಾದದ ನಿಜವಾದ ಪರೀಕ್ಷೆ ನಡೆಯುವುದು ಇಂಥ ಶೆಡ್ಡುಗಳಲ್ಲೇ.

ಕೇಳುವವರ ಪಕ್ಷ ಗಟ್ಟಿಯಾಗಿಯೇ ಇದೆ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವಲೆಂಟ್ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ, ಅದು ಕ್ಯಾನ್ಸರ್‌ಕಾರಕ. ಇದನ್ನು ತಡೆಯಬೇಕಾದ ಕಾನೂನು 1974ರಿಂದಲೇ ಇದೆ, ಆದರೂ ವಿಷ ನೆಲಕ್ಕಿಳಿಯಿತು. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಎಂದೋ ಒಮ್ಮೆ ಬಂದುಹೋಗುತ್ತಾರೆ. ಗ್ರಾಹಕನ ಆರ್ಡರು ತಿಂಗಳು ತಿಂಗಳು ಬರುತ್ತದೆ. ಯಾವುದಕ್ಕೆ ಹೆಚ್ಚು ಬಲವೆಂದು ಊಹಿಸುವುದು ಕಷ್ಟವಲ್ಲ. 2007ರ ಜುಲೈನಿಂದ ಐರೋಪ್ಯ ಒಕ್ಕೂಟ ವಾಹನಗಳ ಲೇಪದಲ್ಲಿ ಹೆಕ್ಸಾವಲೆಂಟ್ ಕ್ರೋಮಿಯಂ ನಿಷೇಧಿಸಿದಾಗ, ಅಲ್ಲಿಗೆ ಮಾಲು ಕಳಿಸುವವರು ಕಡಿಮೆ ಅಪಾಯದ ಟ್ರೈವಲೆಂಟ್ ಕ್ರೋಮಿಯಂಗೆ ಬದಲಾಗಲೇಬೇಕಾಯಿತು.

ಶೆಡ್ಡಿನ ಮಾಲೀಕನ ಮಾತನ್ನೂ ಅಷ್ಟೇ ಕಿವಿಗೊಟ್ಟು ಕೇಳಬೇಕು. ಹಳೆಯ ಹೆಕ್ಸಾವಲೆಂಟ್ ದ್ರಾವಣ ಒರಟು ಕೈಗೂ ಒಗ್ಗುತ್ತಿತ್ತು, ನುರಿತವನು ಬಣ್ಣ ನೋಡಿಯೇ ಹದ ಹೇಳುತ್ತಿದ್ದ. ಟ್ರೈವಲೆಂಟ್ ಹಾಗಲ್ಲ: ಆಮ್ಲೀಯತೆ, ಉಷ್ಣಾಂಶ ಎರಡನ್ನೂ ಅಳೆಯುತ್ತಿರಬೇಕು, ಎಷ್ಟೋ ಸಲ ಮೇಲೊಂದು ರಕ್ಷಾಲೇಪವೂ ಬೇಕಾಗುತ್ತದೆ. ಖರ್ಚು ಏರುತ್ತದೆ, ಕಿಲೋ ಲೆಕ್ಕದ ಜಾಬ್ ವರ್ಕ್ ದರ ಅದರ ಜೊತೆಗೆ ಏರುವ ಖಾತರಿಯಿಲ್ಲ. ಹತ್ತು ಜನರ ಘಟಕದಲ್ಲಿ, ಒಬ್ಬೊಬ್ಬ ಗ್ರಾಹಕ ಕಳಿಸುವ ಒಂದೊಂದು ಬಗೆಯ ನಮೂನೆ ತುಂಬಲೆಂದೇ ಆಳಿರುವುದಿಲ್ಲ. ಇನ್ನೂ ಒಂದು ಮಾತಿದೆ, ಇದು ನನಗೆ ಅತ್ಯಂತ ತೂಕದ್ದೆನಿಸುತ್ತದೆ: ಆರ್ಡರು ತಪ್ಪಿದರೆ ಕೆಲಸ ಮಾಯವಾಗುವುದಿಲ್ಲ, ಬೋರ್ಡೇ ಇಲ್ಲದ ಇನ್ನೊಂದು ಶೆಡ್ಡಿಗೆ ಹೋಗಬಹುದು. ಆಗ ಕಂಪನಿಯ ವರದಿ ಶುದ್ಧವಾಗುತ್ತದೆ, ನೀರು ಆಗುವುದಿಲ್ಲ.

ಮಾರುಕಟ್ಟೆ ಕಾಯುವುದಿಲ್ಲ ಎಂಬುದು ಇದಕ್ಕೆ ಬರುವ ಉತ್ತರ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ತೆರಿಗೆ 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಉಕ್ಕಿನ ಬೋಲ್ಟೂ ಅದರ ಪಟ್ಟಿಯಲ್ಲಿದೆ. ಇಂಗಾಲದ ಲೆಕ್ಕ ಇಡದವನು ಹಿಂದೆ ಬೀಳಬಹುದು. ಆದರೆ ಬೋಲ್ಟಿನ ಇಂಗಾಲದಲ್ಲಿ ಸಿಂಹಪಾಲು ಉಕ್ಕಿನ ಕುಲುಮೆಯದು, ಶೆಡ್ಡಿನದಲ್ಲ. ವರ್ಷಕ್ಕೆ ಒಟ್ಟು 50 ಟನ್‌ವರೆಗೆ ಇಂಥ ಸರಕು ತರಿಸುವವರಿಗೆ ಒಕ್ಕೂಟವೇ ವಿನಾಯಿತಿ ಕೊಟ್ಟಿದೆ. ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಕೂಡ ಪೂರೈಕೆದಾರರ ಪರಿಸರ ವಿವರ ಕೊಡುವುದನ್ನು ಪೇಟೆಯ ಮೊದಲ 250 ಕಂಪನಿಗಳಿಗೆ ಸದ್ಯ ಐಚ್ಛಿಕವಾಗಿಸಿದೆ. ನಿಯಮ ಬರೆಯುವವರೇ ಸಡಿಲಿಸುತ್ತಿರುವಾಗ ಸಣ್ಣ ಘಟಕದ ಮೇಲಷ್ಟೇ ಬಿಗಿ ಸಲ್ಲದು.

ಹಾಗಾಗಿ ವಿಷವನ್ನೂ ಕಾಗದವನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂಬತ್ತ ನನ್ನ ಒಲವು. ಕ್ರೋಮಿಯಂ ನೀರಿನ ವಿಷಯದಲ್ಲಿ ಯಾರಿಗೂ ರಿಯಾಯಿತಿ ಬೇಡ. ಕೊಳವೆಬಾವಿಯ ನೀರು ಕುಡಿಯುವವನು ಯಾವ ಒಪ್ಪಂದಕ್ಕೂ ರುಜು ಹಾಕಿಲ್ಲ. ಇಂಗಾಲದ ಲೆಕ್ಕ, ಪ್ರಮಾಣಪತ್ರಗಳು ಹಂತಹಂತವಾಗಿ, ಎಲ್ಲ ಗ್ರಾಹಕರಿಗೂ ಒಂದೇ ನಮೂನೆಯಲ್ಲಿ ಬರಲಿ. ಬದಲಾವಣೆ ಕೇಳುವ ಕಂಪನಿ ದರದಲ್ಲಿ ಒಂದಿಷ್ಟು ಪಾಲು ಹೊರಲಿ, ಎರಡು ಮೂರು ವರ್ಷದ ಆರ್ಡರಿನ ಭರವಸೆಯನ್ನೂ ಕೊಡಲಿ. ಅದಿಲ್ಲದೆ ಸಂಸ್ಕರಣಾ ಘಟಕಕ್ಕೆ ಸಾಲ ಮಾಡುವ ಧೈರ್ಯ ಯಾರಿಗಾದರೂ ಹೇಗೆ ಬಂದೀತು? ಸಣ್ಣ ಉದ್ದಿಮೆಯ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಹಸಿರು ಆಡಿಟ್ಟಿನ ನಮೂನೆಯಲ್ಲಿ ಆ ಬಿಲ್ಲು ಎಷ್ಟು ದಿನಕ್ಕೆ ಚುಕ್ತಾ ಆಯಿತು ಎಂಬ ಪ್ರಶ್ನೆಯೂ ಒಂದಿರಲಿ, ಅದನ್ನು ಕಂಪನಿಯೇ ತುಂಬಲಿ.